ಅಗಸ್ಟೀನನ ಗ್ರಂಥಗಳಲ್ಲಿ ಲಜ್ಜೆ, ಪಾಪ ಮತ್ತು ಶ್ರದ್ಧೆ

ಪಾಶ್ಚಾತ್ಯ ಕ್ರೈಸ್ತ ಶಾಸ್ತ್ರಕಾರರಲ್ಲಿ ಅಗ್ರಗಣ್ಯನಾದ ಅಗಸ್ಟೀನನ ಹೆಸರನ್ನೆತ್ತಿದೊಡನೆ ಆದಿಪಾಪದ ವಾದವು ನೆನಪಿಗೆ ಬರುವುದು. ಆದರೆ ಪಾಪವು ಬೇರೆ, ಲಜ್ಜೆಯು ಬೇರೆ. ಇವೆರಡನ್ನೂ ಒಂದೆಂದು ಭ್ರಮಿಸಿದಲ್ಲಿ ಶ್ರದ್ಧೆಗೇ ಹಾನಿಯೊದಗುವುದೆಂಬ ಅಭಿಪ್ರಾಯವು ಆತನ ಎರಡು ಮಹಾಗ್ರಂಥಗಳಲ್ಲಿ ವ್ಯಕ್ತವಾಗಿರುವುದು ಅಷ್ಟೇ ವಿಚಾರಾರ್ಹವಾಗಿದೆ. ಅಮರಸಿಂಹನು ಲಜ್ಜೆಯ ಪರ್ಯಾಯಪದಗಳನ್ನು ಹೇಳಿ, ಅನ್ಯರ ನಿಮಿತ್ತವಾಗಿ ಹುಟ್ಟುವ ಲಜ್ಜೆಗೆ ಅಪತ್ರಪೆಯೆಂಬ ಬೇರೆ ಹೆಸರನ್ನು ಕೊಟ್ಟಿರುವನು. ಲ್ಯಾಟಿನ್ ಭಾಷೆಯ ಗ್ರಂಥಕಾರನಿಗೆ ಈ ಕೋಶದ ಪರಿಚಯವಿರುವ ಸಂಭವವಿಲ್ಲ. ಈ ಭೇದವನ್ನು ಮಾತ್ರ ಆತನು ಚೆನ್ನಾಗಿ ಬಲ್ಲವನಾಗಿದ್ದನು.

ಅಗಸ್ಟೀನನು ಕ್ರಿ. ಶ. ೩೫೪ರಲ್ಲಿ ಉತ್ತರ ಆಫ್ರಿಕದ ಥಾಗಸ್ತೆಯೆಂಬ ಊರಿನಲ್ಲಿ ಜನಿಸಿದನು. ತಾಯಿಯಾದ ಮೋನಿಕಳು ದೃಢಭಕ್ತೆಯಾದ ಕ್ರೈಸ್ತಳು. ತಂದೆಯು ಬಹುಕಾಲ ಪೂರ್ವಿಕರ ದೇವತೆಗಳನ್ನೇ ನಂಬಿದ್ದವನು. ಹದಿನಾರನೆಯ ವಯಸ್ಸಿನಲ್ಲಿ, ಹಣದ ಅಭಾವದಿಂದ ವ್ಯಾಸಂಗವು ನಿಂತು ಮನೆಯಲ್ಲಿದ್ದಾಗ, ಗೆಳೆಯರೊಡನೆ ರಾತ್ರಿಯಲ್ಲಿ ಹೋಗಿ ನೆರೆಯ ಮರದ ಪೇರ್ ಹಣ್ಣುಗಳನ್ನು ಕದ್ದನು. ಮನೆಯಲ್ಲಿ ಅವಕ್ಕಿಂತ ಉತ್ತಮವಾದ ಹಣ್ಣುಗಳಿದ್ದವು. ಕದ್ದವುಗಳು ಬಹುಮಟ್ಟಿಗೆ ಹಂದಿಗಳ ಪಾಲಾದವು. ‘ಕನ್ಫೆಸ್ಸಿಯೋನೆಸ್’ ಎಂಬ ಆತ್ಮನಿವೇದನ ಗ್ರಂಥದ ಎರಡನೆಯ ಕಾಂಡದಲ್ಲಿ ಇಷ್ಟು ಅಲ್ಪವಾದ ಚೌರ್ಯಕ್ಕೆ ಅಷ್ಟೊಂದು ವಿಸ್ತಾರವೇಕೆಂಬ ಶಂಕೆಯು ಸಹಜವಾದುದು. ಸಮಾಧಾನವು ಅಲ್ಲಿಯೇ ಇದೆ: ಒಂಟಿಯಾಗಿದ್ದರೆ ತಾನು ಕದಿಯುತ್ತಿರಲಿಲ್ಲವೆಂದೂ, ಸಂಗಾತಿಗಳ ನಡುವೆ ನಾಚಿಕೆಗೆಡದಿರುವುದೇ ನಾಚಿಕೆಗೇಡೆನಿಸಿತೆಂದೂ ಆತನು ಒಪ್ಪಿಕೊಂಡಿರುವನು. ಇಲ್ಲಿ ಲಜ್ಜೆಯು ಪಾಪವನ್ನು ತಡೆಯಲಿಲ್ಲ. ಕೈಹಿಡಿದು ಅದರ ಬಳಿಗೆ ನಡೆಸಿತು.

ಇದೇ ಲಜ್ಜೆಯು ಶ್ರದ್ಧೆಗೂ ಅಡ್ಡಬರುವ ಬಗೆಯನ್ನು ಎಂಟನೆಯ ಕಾಂಡದಲ್ಲಿನ ವಿಕ್ಟೋರಿನಸನ ವೃತ್ತಾಂತವು ತೋರಿಸುತ್ತದೆ. ಈತನು ರೋಮಿನಲ್ಲಿ ವಾಗ್ಮಿತಾಶಾಸ್ತ್ರವನ್ನು ಬೋಧಿಸುತ್ತಿದ್ದ ಮಹಾಪಂಡಿತನು. ನಗರದ ಚೌಕದಲ್ಲಿ ಪ್ರತಿಮೆಯ ಗೌರವವನ್ನು ಪಡೆದವನು. ವೃದ್ಧಾಪ್ಯದಲ್ಲಿ ಕ್ರೈಸ್ತ ಗ್ರಂಥಗಳನ್ನು ಓದಿ, ತಾನು ಆಗಲೇ ಕ್ರೈಸ್ತನೆಂದು ಮಿತ್ರನಾದ ಸಿಂಪ್ಲಿಸಿಯಾನಸನಿಗೆ ಗುಟ್ಟಾಗಿ ಹೇಳುತ್ತಿದ್ದನು. ದೇವಮಂದಿರದಲ್ಲಿ ಕಂಡಹೊರತು ನಂಬೆನೆಂದು ಆತನ ಪಟ್ಟು. ಕ್ರೈಸ್ತರನ್ನು ಮಾಡುವುವು ಗೋಡೆಗಳೇ ಎಂದು ಈತನ ಪರಿಹಾಸ. ಪರಿಹಾಸದ ಮರೆಯಲ್ಲಿದ್ದುದು ಪ್ರತಿಷ್ಠಿತರಾದ ಸ್ನೇಹಿತರ ಭಯವೇ. ಕೊನೆಗೊಂದು ದಿನ ಜನರ ಮುಂದಿನ ನಾಚಿಕೆಯು ಕಳೆದು, ಸತ್ಯದ ಮುಂದೆ ನಾಚಿಕೆಯು ಹುಟ್ಟಿತು. ಸಂಕೋಚವುಳ್ಳವರು ಏಕಾಂತದಲ್ಲಿ ವಿಶ್ವಾಸಪ್ರತಿಜ್ಞೆಯನ್ನು ಮಾಡಬಹುದಾಗಿತ್ತು; ಪುರೋಹಿತರು ಅದನ್ನೇ ಸೂಚಿಸಿದರು. ಆತನೊಪ್ಪದೆ, ಎತ್ತರವಾದ ಸ್ಥಳದಲ್ಲಿ ನಿಂತು ಸರ್ವರೆದುರಿಗೆ ಪ್ರತಿಜ್ಞೆಯನ್ನು ನುಡಿದನು. ೩೬೨ರಲ್ಲಿ ಜೂಲಿಯನ್ ಚಕ್ರವರ್ತಿಯು ಕ್ರೈಸ್ತರು ವಾಙ್ಮಯವನ್ನು ಬೋಧಿಸಕೂಡದೆಂದು ವಿಧಿಸಿದಾಗ ಪಾಠಶಾಲೆಯನ್ನೇ ತ್ಯಜಿಸಿದನು. ಪಾಠ ಹೇಳಿ ಬಾಳಿದವರಿಗೆ ಈ ತ್ಯಾಗದ ಭಾರವು ತಿಳಿಯದಿರದು.

ಈ ಕಥೆಯನ್ನು ಕೇಳಿದಾಗ ಅಗಸ್ಟೀನನೂ ಮಿಲಾನ್ ನಗರದಲ್ಲಿ ಅದೇ ಶಾಸ್ತ್ರದ ಅಧ್ಯಾಪಕನಾಗಿದ್ದನು. ೩೮೬ರ ಆತನ ಮನಃಪರಿವರ್ತನೆಯೂ, ೩೮೭ರಲ್ಲಿ ಅಂಬ್ರೋಸನಿಂದ ಪಡೆದ ದೀಕ್ಷಾಸ್ನಾನವೂ ಸುಪ್ರಸಿದ್ಧವಾದುವು. ಸುಮಾರು ಹತ್ತು ವರ್ಷಗಳ ಮೇಲೆ, ಹಿಪ್ಪೋ ನಗರದ ಧರ್ಮಾಧ್ಯಕ್ಷನಾಗಿ ಜನರ ಗೌರವವೆಲ್ಲವೂ ದೊರೆತಿದ್ದಾಗ, ಹಳೆಯ ಪಾಪಗಳನ್ನು ತಾನಾಗಿಯೇ ಗ್ರಂಥಸ್ಥ ಮಾಡಿದನು. ‘ಕನ್ಫೆಸ್ಸಿಯೋ’ ಎಂಬ ಶಬ್ದಕ್ಕೆ ಪಾಪದ ಒಪ್ಪಿಗೆಯೆಂದೂ ದೇವರ ಸ್ತುತಿಯೆಂದೂ ಎರಡರ್ಥಗಳುಂಟು. ಕನ್ನಡದ ‘ನಿವೇದನೆ’ಯಲ್ಲಿ ಎರಡನೆಯ ಅರ್ಥದ ಛಾಯೆಯಿಲ್ಲದಿರುವುದು ಭಾಷಾಂತರಕಾರರಿಗೊಂದು ತೊಡಕು.

ಪಾಪಲಜ್ಜೆಗಳ ವಿವೇಚನೆಯು ಪ್ರಾಣಾಂತಿಕವಾದ ಪ್ರಶ್ನೆಯಾದುದು ೪೧೦ರಲ್ಲಿ, ಅಲಾರಿಕನ ಗಾಥ್ ಸೈನ್ಯವು ರೋಮನ್ನು ಸೂರೆಗೊಂಡಾಗ. ಕನ್ಯಾವ್ರತದಲ್ಲಿದ್ದವರೂ ಸೇರಿ ಅನೇಕ ಕ್ರೈಸ್ತ ಸ್ತ್ರೀಯರು ಬಲಾತ್ಕಾರಕ್ಕೆ ಗುರಿಯಾದರು. ಕೆಲವರು ಅವಮಾನಕ್ಕಂಜಿ ಪ್ರಾಣಬಿಟ್ಟರು, ಬದುಕಿದವರು ನಿಂದೆಗೊಳಗಾದರು. ೪೧೩ರಲ್ಲಿ ಆರಂಭಿಸಿ ೪೨೬ರಲ್ಲಿ ಮುಗಿಸಿದ ೨೨ ಕಾಂಡಗಳ ‘ದೇವನಗರ’ವೆಂಬ ಗ್ರಂಥದ ಮೊದಲ ಕಾಂಡದಲ್ಲಿಯೇ ಅಗಸ್ಟೀನನು ಇವರ ಪಕ್ಷವನ್ನು ವಹಿಸಿದನು. ಪಾವಿತ್ರ್ಯದ ನೆಲೆಯು ಮನಸ್ಸು. ಸಂಕಲ್ಪವಿಲ್ಲದೆ ದೇಹಕ್ಕೆ ಒದಗಿದುದು ಪಾಪವಲ್ಲ. ಲಜ್ಜೆಯು ಹುಟ್ಟಬಹುದು, ಆದರೆ ಅದು ದೋಷಕ್ಕೆ ಪ್ರಮಾಣವಾಗದು. ಪಾಪವೇ ಇಲ್ಲದಲ್ಲಿ ಪ್ರಾಣವನ್ನು ತೆತ್ತು ಶುದ್ಧಿಗೊಳ್ಳಬೇಕಾದುದೇನು?

ರೋಮನರು ಪಾತಿವ್ರತ್ಯಕ್ಕೆ ನಿದರ್ಶನವಾಗಿ ಲುಕ್ರೀಷಿಯಳನ್ನು ಹೊಗಳುತ್ತಿದ್ದರು. ರಾಜಪುತ್ರನ ಅತ್ಯಾಚಾರವನ್ನು ತಂದೆಗೂ ಪತಿಗೂ ತಿಳಿಸಿ ಆಕೆಯು ತನ್ನನ್ನು ತಾನೇ ಇರಿದುಕೊಂಡಳೆಂದು ಐತಿಹ್ಯ. ದೋಷಿಯಾದರೆ ಸ್ತುತಿಯೇಕೆ, ನಿರ್ದೋಷಿಯಾದರೆ ವಧೆಯೇಕೆ ಎಂಬ ಉಭಯತಃಪಾಶದಲ್ಲಿ ಅಗಸ್ಟೀನನು ಆ ಸ್ತುತಿಯನ್ನು ಸಿಕ್ಕಿಸಿ, ಆಕೆಯನ್ನು ಕೊಂದುದು ಶೀಲಪ್ರೇಮವಲ್ಲ, ಲಜ್ಜೆಯ ದೌರ್ಬಲ್ಯವೆಂದನು. ತರ್ಕವು ಅಭೇದ್ಯವಾದುದೇ. ಆದರೂ ಆಕೆಯ ಮನಸ್ಸು ಗುಪ್ತವಾಗಿ ಸಮ್ಮತಿಸಿದ್ದಿರಬಹುದೇ ಎಂಬ ವಿಕಲ್ಪವನ್ನು ಆತನು ಎತ್ತಿದುದು ಅನುಚಿತವಾಯಿತು. ಬದುಕಿದವರನ್ನು ಅಪವಾದದಿಂದ ಬಿಡಿಸಲು ಸತ್ತವಳ ಮೇಲೆ ಸಂಶಯವನ್ನು ಹೊರಿಸಬೇಕಾಗಿರಲಿಲ್ಲ.

೪೩೦ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಅಗಸ್ಟೀನನು ಮರಣಶಯ್ಯೆಯಲ್ಲಿದ್ದನು. ಶಿಷ್ಯನಾದ ಪೊಸ್ಸಿಡಿಯಸನು ಬರೆದಿರುವಂತೆ, ದಾವೀದನ ಪಶ್ಚಾತ್ತಾಪ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ತೂಗುಹಾಕಿಸಿ, ಮಲಗಿದಲ್ಲಿಂದಲೇ ಓದುತ್ತ ಕಣ್ಣೀರಿಡುತ್ತಿದ್ದನು. ವೈದ್ಯರು ಬರುವ ಹೊತ್ತು, ಊಟ ತರುವ ಹೊತ್ತುಗಳ ಹೊರತು ಯಾರೂ ಒಳಗೆ ಬರಕೂಡದೆಂದು ಆಜ್ಞಾಪಿಸಿದ್ದನು. ಸುಮಾರು ಹತ್ತು ದಿನ ಹಾಗೆಯೇ ನಡೆಯಿತು.