‘ಟರ್ಬ್ಯುಲೆಂಟ್’ ಎಂಬ ವಿಶೇಷಣವೂ ಬಲಂ ಸೀಮೆಯ ಚರಿತ್ರೆಯೂ

ನಮ್ಮ ನಾಡಿನ ಚರಿತ್ರೆಯನ್ನು ಇಂಗ್ಲಿಷು ಗ್ರಂಥಗಳ ಮೂಲಕ ಓದುವವರಿಗೆ ಪಾಳೆಯಗಾರರ ಹೆಸರು ಬಂದಲ್ಲಿ ಒಂದು ವಿಶೇಷಣವು ಮೇಲಿಂದ ಮೇಲೆ ಎದುರಾಗುವುದು. ಅದು ‘ಟರ್ಬ್ಯುಲೆಂಟ್’ ಎಂಬುದು. ನಮ್ಮಲ್ಲಿ ಬಳಕೆಯಲ್ಲಿರುವ ‘ಪುಂಡುಪಾಳೆಯಗಾರ’ ಎಂಬ ಮಾತು ಅದಕ್ಕೆ ಸುಲಭವಾಗಿ ಹೊಂದುವುದರಿಂದ, ಓದುವವರು ವಿಚಾರಿಸದೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವರು. ಆ ಪದದ ಅರ್ಥವನ್ನು ಶೋಧಿಸಿ, ಸಕಲೇಶಪುರ ಆಲೂರುಗಳ ಬೆಟ್ಟಸೀಮೆಗೆ ಅದು ಎಷ್ಟರಮಟ್ಟಿಗೆ ಸಲ್ಲುವುದೆಂದು ನೋಡುವುದೇ ಈ ಲೇಖನದ ಉದ್ದೇಶ.

ಇದರ ಮೂಲವು ಲ್ಯಾಟಿನ್ ಭಾಷೆಯ ‘ತುರ್ಬ’ ಎಂಬ ಶಬ್ದ. ಗದ್ದಲ, ಜನಸಂದಣಿ ಎಂದು ಅದರ ಅರ್ಥ. ಅದಕ್ಕೆ ಹತ್ತಿರುವ ಪ್ರತ್ಯಯವು ‘ತುಂಬಿರುವ’ ಎಂಬ ಅರ್ಥವನ್ನು ಕೊಡುವುದು. ಧನವಂತ, ಗುಣವಂತ ಎಂಬಲ್ಲಿಯ ನಮ್ಮ ಮತುಪ್ ಪ್ರತ್ಯಯಕ್ಕೆ ಅದು ಸಮೀಪವಾದುದು. ಇಂಗ್ಲಿಷಿನಲ್ಲಿ ಈ ವಿಶೇಷಣದ ಪ್ರಯೋಗವು ಎರಡು ಬಗೆಯಾಗಿದೆ. ಅಲ್ಲೋಲಕಲ್ಲೋಲವಾದ ಕಡಲು, ಗಾಳಿ, ಮನಸ್ಸು, ಕಾಲ ಇವುಗಳಿಗೆ ಹೇಳುವುದು ಒಂದು. ಆಳುವವರಿಗೆ ಮಣಿಯದೆ ದೊಂಬಿಯೆಬ್ಬಿಸುವ ಜನರಿಗೆ ಹೇಳುವುದು ಇನ್ನೊಂದು. ಮೊದಲನೆಯದರಲ್ಲಿ ಅದು ಅವಸ್ಥೆಯನ್ನು ತಿಳಿಸುವುದು, ಎರಡನೆಯದರಲ್ಲಿ ಸ್ವಭಾವವನ್ನು.

ಸಂಸ್ಕೃತದಲ್ಲಿ ಇದಕ್ಕೆ ಸಮನಾದ ‘ಕ್ಷುಬ್ಧ’, ‘ಕ್ಷುಭಿತ’ ಎಂಬ ರೂಪಗಳ ಕಟ್ಟಡವೇ ಬೇರೆ. ಇವೆರಡೂ ಕ್ಷುಭ್ ಧಾತುವಿಗೆ ಕ್ತ ಪ್ರತ್ಯಯವು ಸೇರಿ ಆದವುಗಳು. ಪಾಣಿನಿಯು ಏಳನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ‘ಮಂಥ’ ಎಂಬ ಅರ್ಥದಲ್ಲಿ ‘ಕ್ಷುಬ್ಧ’ ಎಂಬುದನ್ನು ನಿಪಾತವಾಗಿ ಹೇಳಿರುವನು. ಕಡೆಯುವಿಕೆಯ ನೆನಪು ಈ ಶಬ್ದವನ್ನು ಬಿಟ್ಟಿಲ್ಲ. ಕ್ತ ಪ್ರತ್ಯಯವು ಆಗಿಹೋದ ಕ್ರಿಯೆಯನ್ನು ಸೂಚಿಸುವುದು. ಕನ್ನಡದ ‘ಕದಡಿದ’ ಎಂಬುದೂ ಹಾಗೆಯೇ. ಕದಡಿದ ನೀರೆಂದೊಡನೆ, ಮೊದಲು ಅದು ತಿಳಿಯಾಗಿದ್ದಿತೆಂಬುದೂ, ಕದಡಿದವರು ಯಾರೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಬರುವುವು. ‘ಟರ್ಬ್ಯುಲೆಂಟ್’ ಎಂಬುದಾದರೋ ಆ ಪ್ರಶ್ನೆಯನ್ನು ಕೇಳಗೊಡುವುದಿಲ್ಲ.

ಇನ್ನು ಬಲಂ ಸೀಮೆಯ ವೃತ್ತಾಂತವನ್ನು ನೋಡೋಣ. ವಿಜಯನಗರದ ಕಾಲದಿಂದ ಬೇಲೂರನ್ನು ಆಳಿದ ನಾಯಕರ ಮನೆತನವು ಕಾಲಾಂತರದಲ್ಲಿ ಐಗೂರಿನಲ್ಲಿ ನೆಲೆಗೊಂಡಿತು. ಮೂರನೆಯ ಮೈಸೂರು ಯುದ್ಧದಲ್ಲಿ ಕೃಷ್ಣಪ್ಪ ನಾಯಕನು ಕುಂಪಣಿಯವರಿಗೆ ಮಿತ್ರರಾಗಿದ್ದ ಮರಾಠರ ಪರಶುರಾಮ ಭಾವುವಿನ ದಂಡನ್ನು ಕೂಡಿಕೊಂಡನು. 1792ರಲ್ಲಿ ಸಂಧಿಯಾಗಲು ಟಿಪ್ಪುವಿನ ಭಯದಿಂದ ಕೊಡಗಿಗೆ ಹೋದನು. ಟಿಪ್ಪುವು ಅವನನ್ನು ಮರಳಿ ಕರೆಸಿ ಐಗೂರು ಸೀಮೆಯನ್ನು ಮಾತ್ರ ಕೊಟ್ಟು, ಉಳಿದುದನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ಸಕಲೇಶಪುರದ ಬಳಿ ಘಟ್ಟದ ದಾರಿಯ ಮೇಲೆ ನಕ್ಷತ್ರಾಕಾರದ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದವನೂ ಅವನೇ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ರಾಜ್ಯವು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಂದಿತು, ಪೂರ್ಣಯ್ಯನು ದಿವಾನನಾದನು. ಆಗ ಐಗೂರಿನ ನಾಯಕನು ಸ್ವತಂತ್ರನಾಗಲೆಳಸಿ ಅರಕೆರೆಯ ಕಾಡಿನ ಕೋಟೆಯಲ್ಲಿ ನಿಂತನು. ಮೈಸೂರಿನಿಂದ ಮಂಗಳೂರಿಗೆ ಹೋಗುವ ಘಟ್ಟದ ದಾರಿಯು ಅವನ ಕೈಯಲ್ಲಿದ್ದುದೇ ಕುಂಪಣಿಯ ಚಿಂತೆಗೆ ಕಾರಣ. ಅವನ ಕಡೆಯವರಿಂದ ಹಳ್ಳಿಗಳು ಸೂರೆಯಾದುದೂ ಸುಳ್ಳಲ್ಲ. ಅದನ್ನು ಮುಚ್ಚುವುದು ನ್ಯಾಯವಲ್ಲ. 1802ನೆಯ ಜನವರಿ 16ರಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅರಕೆರೆಯನ್ನು ಹಿಡಿದನು. ಮುಂದೆ 1815ರಲ್ಲಿ ವಾಟರ್ಲೂ ಕದನವನ್ನು ಗೆದ್ದ ವೆಲ್ಲಿಂಗ್ಟನ್ ದೊರೆಯು ಇವನೇ. ಫೆಬ್ರವರಿಯಲ್ಲಿ ನಾಯಕನು ಸೆರೆಸಿಕ್ಕಿ ಗಲ್ಲಿಗೇರಿದನು. ಬಳಿಕ ಹಳ್ಳಿಗಳ ಕೋಟೆಗಳನ್ನು ಕೆಡವಿ, ಜನರ ಆಯುಧಗಳನ್ನು ಕಿತ್ತು, ಕಾಡನ್ನು ಕಡಿದು ದಾರಿಗಳನ್ನು ಮಾಡಿದರು.

ಹತ್ತು ವರ್ಷಗಳಲ್ಲಿ ನಾಲ್ಕು ಸೈನ್ಯಗಳೂ ಎರಡು ಪ್ರಭುತ್ವಗಳೂ ಈ ಬೆಟ್ಟಗಳನ್ನು ಕಡೆದುವು. 1792ರಲ್ಲಿ ಮಿತ್ರಪಕ್ಷದಲ್ಲಿದ್ದ ಮನೆತನವೇ 1802ರಲ್ಲಿ ಶಿಕ್ಷಾರ್ಹವಾಯಿತು. ಇಷ್ಟರೊಳಗೆ ಬೆಟ್ಟದವರ ಸ್ವಭಾವವು ಬದಲಾಯಿತೆನ್ನಲಾದೀತೆ? ಬದಲಾದುದು ಕುಂಪಣಿಯ ಪ್ರಯೋಜನ.

ಈ ಶಬ್ದವನ್ನು ಭೌತಶಾಸ್ತ್ರಜ್ಞರು ಬಳಸುವ ರೀತಿಯು ಇತಿಹಾಸಕಾರರ ರೀತಿಗಿಂತ ನ್ಯಾಯವಾದುದು. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಗಾಜಿನ ನಾಳದಲ್ಲಿ ನೀರನ್ನು ಹರಿಸಿ, ಅದರೊಳಗೆ ಬಣ್ಣದ ಎಳೆಯೊಂದನ್ನು ಬಿಟ್ಟು ಪರೀಕ್ಷಿಸಿದನು. ವೇಗವು ಕಡಮೆಯಿದ್ದಾಗ ಎಳೆಯು ನೆಟ್ಟಗೆ ಸಾಗಿತು. ವೇಗವು ಮಿತಿ ಮೀರಲು ಸುಳಿಗೊಂಡು ಚದುರಿತು. ಈ ಎರಡನೆಯ ಗತಿಗೆ ತರುವಾಯ ‘ಟರ್ಬ್ಯುಲೆಂಟ್’ ಎಂದೇ ಹೆಸರಾಯಿತು. ನೀರು ಎರಡು ವೇಳೆಯಲ್ಲಿಯೂ ಅದೇ ನೀರು.

ಆಷಾಢದಲ್ಲಿ ಸಕಲೇಶಪುರದ ಸೇತುವೆಯ ಮೇಲೆ ನಿಂತು ಹೇಮಾವತಿಯನ್ನು ನೋಡಿದವರು, ಈ ನದಿಯ ಸ್ವಭಾವವೇ ಕೆಂಪೆಂದು ಹೇಳರು. ಘಟ್ಟದಲ್ಲಿ ಮಳೆಯಾಗಿದೆ ಎನ್ನುವರು. ನಮ್ಮ ಹಿರಿಯರ ವಿಷಯದಲ್ಲಿಯೂ ಅಷ್ಟು ವಿವೇಕವು ಇರತಕ್ಕುದು. ಮಕ್ಕಳಿಗೆ ಚರಿತ್ರೆಯನ್ನು ಹೇಳುವಾಗ ‘ಪುಂಡರ ಸೀಮೆ’ ಎನ್ನದೆ ‘ಕದಡಿದ ಸೀಮೆ’ ಎನ್ನೋಣ. ಕದಡಿದವರು ಯಾರೆಂದು ಮಕ್ಕಳೇ ಕೇಳುವರು. ಆಗ ಉತ್ತರವನ್ನು ಹೇಳುವ ಭಾರವು ನಮ್ಮ ಮೇಲೆ ಬೀಳುವುದು. ಆ ಭಾರವು ಬೀಳಬೇಕಾದುದೇ.