ತಿದ್ದುವ ವಾಕ್ಯಗಳ ವಂಶಾವಳಿ

ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ 'ಮೋಸ್ಟ್ ಅನ್‌ಕೈಂಡೆಸ್ಟ್' ಎಂದು ಕೊಟ್ಟು ತಿದ್ದಿರೆಂದರೆ ಯಾವ ಅಭ್ಯರ್ಥಿಯೂ ತಡವರಿಸಲಾರ. 'ಮೋಸ್ಟ್' ಹೊಡೆದುಹಾಕಿದರೆ ಅಂಕ ಸಿಕ್ಕಿತು. ಆದರೆ ಆ ಪ್ರಯೋಗ ಷೇಕ್ಸ್‌ಪಿಯರನದು. 'ಜೂಲಿಯಸ್ ಸೀಸರ್' ನಾಟಕದಲ್ಲಿ ಆಂಟನಿ ಆಡುವ ಮಾತು. ಅವನ ಕಾಲಕ್ಕೆ ಅದು ದೋಷವಲ್ಲ, ಮಾತಿಗೆ ಒತ್ತು ಕೊಡುವ ಬಗೆ. ಅದು ತಪ್ಪಾದದ್ದು ಆಮೇಲೆ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಾಪಾರದಿಂದ ಮೇಲೆ ಬಂದ ಮನೆತನಗಳಿಗೆ ಶಿಷ್ಟರ ಭಾಷೆ ಬೇಕಾಗಿತ್ತು; ವ್ಯಾಕರಣಗಳು ಒಂದರ ಹಿಂದೊಂದು ಬಂದವು. ನ್ಯೂಕ್ಯಾಸಲ್ಲಿನ ಶಿಕ್ಷಕಿ ಆ್ಯನ್ ಫಿಶರ್ ಬೇಕೆಂದೇ ಕೆಡಿಸಿದ ವಾಕ್ಯಗಳನ್ನು ಕೊಟ್ಟು ವಿದ್ಯಾರ್ಥಿಗಳಿಂದ ತಿದ್ದಿಸುವ ಕ್ರಮವನ್ನು ತನ್ನ ಪುಸ್ತಕದಲ್ಲಿ ತಂದಳು. 1762ರಲ್ಲಿ ರಾಬರ್ಟ್ ಲೌತ್ ಇನ್ನೂ ಮುಂದೆ ಹೋದ. ಮುಂದೆ ಲಂಡನ್ನಿನ ಬಿಷಪ್ ಆದ ಈತ ಮೊದಲು ಹೆಸರು ಹಾಕದೆಯೇ ಪ್ರಕಟಿಸಿದ ಕಿರುವ್ಯಾಕರಣದ ಅಡಿಟಿಪ್ಪಣಿಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್, ಕೊನೆಗೆ ಬೈಬಲ್ಲಿನ ಅನುವಾದಕರೂ ತಪ್ಪಿತಸ್ಥರಾಗಿ ನಿಂತಿದ್ದಾರೆ.

ನಮ್ಮ ಕೇಶಿರಾಜ 13ನೆಯ ಶತಮಾನದಲ್ಲಿ ಹಿಡಿದ ದಾರಿ ಬೇರೆ. ಅವನೂ ಕೆಲವು ಪ್ರಯೋಗಗಳನ್ನು ಅಸಾಧುವೆಂದ, ನಿಜ; ಆದರೆ 'ಶಬ್ದಮಣಿದರ್ಪಣ'ದ ಆರಂಭದಲ್ಲೇ ಪಂಪ, ಪೊನ್ನ, ಅಸಗ ಮೊದಲಾದವರ ಹೆಸರು ಹೇಳಿ, ಅವರ ಮಾರ್ಗವೇ ತನಗೆ ಲಕ್ಷ್ಯವೆಂದು ಒಪ್ಪಿಕೊಂಡ. ಅಲ್ಲಿ ಕವಿಗಳು ಪ್ರಮಾಣ, ಲೌತನಲ್ಲಿ ಆರೋಪಿಗಳು.

ಆದರೂ ಲೌತ್ ಜನ ತಿಳಿದಷ್ಟು ಬಿಗಿ ಮನುಷ್ಯನಲ್ಲ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರುವುದನ್ನು ಅವನು ನಿಷೇಧಿಸಲಿಲ್ಲ. ಮೊದಲೇ ಬಂದರೆ ಸೊಗಸು ಎಂದನಷ್ಟೆ. ನಮ್ಮ ಭಾಷೆಗೆ ಆ ಒಲವು ಇದೆಯೆಂದು ಹೇಳುವ ತನ್ನದೇ ವಾಕ್ಯವನ್ನು ಪ್ರಿಪೊಸಿಷನ್ನಿನಿಂದಲೇ ಮುಗಿಸಿದ್ದಾನೆ. 1795ರಲ್ಲಿ ಲಿಂಡ್ಲಿ ಮರ್ರೆ, ಅಮೆರಿಕದಿಂದ ಬಂದು ಯಾರ್ಕಿನ ಬಳಿ ನೆಲೆಸಿದ್ದ ವಕೀಲ, ಆ ಮಾತನ್ನು ತನ್ನ ವ್ಯಾಕರಣಕ್ಕೆ ಎತ್ತಿಕೊಂಡಾಗ ಪ್ರಿಪೊಸಿಷನ್ನನ್ನು ಮೆಲ್ಲನೆ ಮುಂದಕ್ಕೆ ಸರಿಸಿದ. ಗುರುವಿನ ನಗೆ ಶಿಷ್ಯನಲ್ಲಿ ನಿಯಮವಾಯಿತು. ಎರಡು ವರ್ಷಗಳ ಬಳಿಕ ಅವನು ತಪ್ಪು ವಾಕ್ಯಗಳ ಅಭ್ಯಾಸಪುಸ್ತಕವನ್ನೂ ಅದಕ್ಕೆ ಪ್ರತ್ಯೇಕ 'ಕೀ'ಯನ್ನೂ ಹೊರತಂದ.

ಭಾರತದಲ್ಲಿ ಈ ಪರಂಪರೆಯನ್ನು ಮನೆಮಾತಾಗಿಸಿದ್ದು 1930ರ ದಶಕದಲ್ಲಿ ಬೊಂಬಾಯಿಯಿಂದ ಹೊರಟ ರೆನ್ ಮತ್ತು ಮಾರ್ಟಿನ್. ಇಬ್ಬರಲ್ಲಿ ಪಿ.ಸಿ. ರೆನ್ ಇಂಡಿಯನ್ ಎಜುಕೇಷನ್ ಸರ್ವಿಸ್‌ನಲ್ಲಿದ್ದವನು. 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯಿಂದ ಲೋಕಕ್ಕೆ ಪರಿಚಿತ. ನಮ್ಮಲ್ಲಿ ಆ ಕಾದಂಬರಿ ಓದಿದವರು ಕಡಿಮೆ. ವ್ಯಾಕರಣದ ಕೆಂಪು ರಟ್ಟಿನ ಪ್ರತಿ ಮಾತ್ರ ಮಾಟುಂಗಾದ ಹಳೆಯ ಪುಸ್ತಕದ ರಾಶಿಗಳಲ್ಲಿ ಈಗಲೂ ಮಾರಾಟಕ್ಕಿದೆ, ಹಿಂದಿನವರು ಪೆನ್ಸಿಲಿನಲ್ಲಿ ತಿದ್ದಿದ ವಾಕ್ಯಗಳ ಸಮೇತ.