ಮುಂಗಡದ ಸೂಟಿ

ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕುಣಿಯ ಪಕ್ಕದ ಮಾಡದಲ್ಲಿ ಒಂದು ವಹಿ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಚುವ ಹಾಳೆಗಳು. ಎಡಕ್ಕೆ ಸಾವ್ಕಾರರು ಕೊಟ್ಟ ನೂಲು, ರೇಷ್ಮೆ, ರೊಕ್ಕ. ಬಲಕ್ಕೆ ಅಪ್ಪ ನೇಯ್ದು ಒಪ್ಪಿಸಿದ ಸೀರೆ: ಚಿಕ್ಕಿ ಪರಾಸ ಎರಡು, ಗೋಮಿ ದಡಿ ಒಂದು, ಒಂಬತ್ತು ವಾರಿಯದು ಒಂದು. ಇದೆಲ್ಲ ಇಳಕಲ್ಲಿನ ಯಾವ ನೇಕಾರನ ಮನೆಯಲ್ಲೂ ಸಿಗುವ ಲೆಕ್ಕವೇ. ನನ್ನ ಕಣ್ಣು ನಿಂತದ್ದು ಎಡಗಡೆಯ ಬೇರೆ ಸಾಲುಗಳ ಮೇಲೆ. ಪ್ರತಿ ವರ್ಷ ಪುಷ್ಯ ಮಾಸದಲ್ಲಿ ತಪ್ಪದೆ ‘ಬನಶಂಕರಿ ಜಾತ್ರಿಗೆ ಮುಂಗಡ’ ಎಂದಿದೆ. ನಡುನಡುವೆ ‘ಅಮಾಸಿ ಸಿನಿಮಾ 5 ಮಂದಿ’ ಎಂದು. ಒಂದು ಕಡೆ, ಅಕ್ಷರ ಸ್ವಲ್ಪ ಸಿಟ್ಟಿನಲ್ಲಿ ಬರೆದಂತಿದೆ, ‘ಮಗಳ ಟ್ರಿಪ್ಪು 12 ರೂ.’

ಇಳಕಲ್ಲಿನ ಬಗ್ಗೆ ಬರೆಯುವವರು ಸೀರೆಯ ಬಗ್ಗೆ ಬರೆಯುತ್ತಾರೆ, ಮಠದ ಬಗ್ಗೆ ಬರೆಯುತ್ತಾರೆ, ಕೆಂಪು ಗ್ರಾನೈಟಿನ ಬಗ್ಗೆ ಬರೆಯುತ್ತಾರೆ. ಸೀರೆ ನೇಯ್ದವರ ಮಕ್ಕಳು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಹೊತ್ತು ಹೇಗೆ ಕಳೆದರು ಎಂಬುದು ಅಪ್ಪನ ವಹಿಯ ಎಡಗಡೆ ಬಿಟ್ಟರೆ ಬೇರೆಲ್ಲೂ ದಾಖಲಾದದ್ದನ್ನು ನಾನು ಕಂಡಿಲ್ಲ. ಅಲ್ಲಿಯೂ ಅದು ದಾಖಲಾಗಿರುವುದು ಸಾಲವೆಂದೇ.

ನಾನು ಹುಟ್ಟಿದ್ದು 1963ರಲ್ಲಿ. ನಮ್ಮೂರು ಆಗ ಬಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕು. ಮನೆಯಲ್ಲಿ ಒಂದೇ ಕುಣಿಮಗ್ಗ. ಅಪ್ಪ ಕುಣಿಯೊಳಗೆ ಕಾಲು ಬಿಟ್ಟು ಕೂತರೆ, ಅವನ ಲಾಳಿಗೆ ಬೇಕಾದ ಕಂಡಿಕಿ ಸುತ್ತುವುದು ಅವ್ವ, ಆಯಿ ಮತ್ತು ನನ್ನ ಕೆಲಸ. ಸಾಲಿಯಿಂದ ಬಂದವಳೇ ರಾಟಿಯ ಮುಂದೆ. ಅಣ್ಣನಿಗೆ ಸೂಟಿ ಎಂದರೆ ಬಸ್‌ಸ್ಟ್ಯಾಂಡ್, ಕೆರೆದಂಡೆ, ಎರಡನೇ ಆಟದ ಸಿನಿಮಾ. ನನ್ನದು ಬಲಗೈಯಲ್ಲಿ ರಾಟಿ, ಎಡಗೈಯಲ್ಲಿ ನೂಲು, ತೊಡೆಯ ಮೇಲೆ ಪುಸ್ತಕ. ಹಾಳೆ ಮಗುಚಲು ಕೈ ಬಿಡುವಿಲ್ಲ. ಕಾಲ ಹೆಬ್ಬೆರಳಿನಿಂದ ಮಗುಚುವುದನ್ನು ಕಲಿತಿದ್ದೆ. ಬೇಕಾದರೆ ಈಗಲೂ ಮಾಡಿ ತೋರಿಸಬಲ್ಲೆ.

ಓದಲು ಸಿಗುತ್ತಿದ್ದದ್ದು ಓಣಿಯೆಲ್ಲ ತಿರುಗಿ ಮೂಲೆ ಮಡಚಿದ ‘ಸುಧಾ’, ‘ಮಯೂರ’, ‘ಕಸ್ತೂರಿ’. ಹುಡುಗರ ಕೈಯಿಂದ ಕದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಆಮೇಲೆ ತ್ರಿವೇಣಿ. ನಾನು ಹುಟ್ಟಿದ ವರ್ಷವೇ ತೀರಿಕೊಂಡ ಆ ಹೆಣ್ಣುಮಗಳು ನನಗೋಸ್ಕರವೇ ಬರೆದಿಟ್ಟು ಹೋಗಿದ್ದಾಳೆಂದು ಆ ವಯಸ್ಸಿನಲ್ಲಿ ನಂಬಿದ್ದೆ. ನೂಲು ಹರಿದಾಗೆಲ್ಲ ಆಯಿ ತಲೆ ಎತ್ತುತ್ತಿದ್ದಳು.

“ಏನ ಓದಾಕತ್ತೀಯವ್ವಾ?”

“ಪಾಠ, ಆಯಿ.”

“ಪಾಠ ಓದಿದ್ರ ಕಣ್ಣಾಗ ನೀರ ಬರತಾವೇನು?”

ಅದೇ ಕಾಲದಲ್ಲಿ, 1975ರಿಂದ, ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಲು ಸುರು ಮಾಡಿದ್ದರು. ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂಬ ಮಹಾಂತ ಜೋಳಿಗೆ. ಮುಂದೆ ಅದು ನಾಡಿಗೆಲ್ಲ ಹೆಸರಾಯಿತು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ಸರಕಾರದ ವ್ಯಸನಮುಕ್ತ ದಿನ. ನಮ್ಮ ಓಣಿಯಲ್ಲಿ ಬೀಡಿ ಬಿದ್ದವು, ಶೆರೆ ಬಿಟ್ಟ ಆಣೆಗಳು ಬಿದ್ದವು. ನಮ್ಮ ಕಾಕಾ ತಂಬಾಕಿನ ಡಬ್ಬಿ ಹಾಕಿ ಮೂರು ದಿನ ಮಂಕಾಗಿ ಕೂತಿದ್ದ. ಆಯಿ ನನ್ನ ಕಡೆ ತಿರುಗಿ, “ನೀನೂ ನಿನ್ನ ಕಾದಂಬರಿ ಒಯ್ದು ಆ ಜೋಳಿಗ್ಯಾಗ ಹಾಕಿ ಬಾ” ಎಂದಳು. ತಮಾಷೆಗೆ ಹೇಳಿದಳೆಂದು ಎಲ್ಲರೂ ನಕ್ಕರು. ಅವಳು ತಮಾಷೆ ಮಾಡಿರಲಿಲ್ಲ.

ನಮ್ಮ ಮನೆಯಲ್ಲಿ ಮಗ್ಗಕ್ಕೆ ರಜೆ ಅಮಾವಾಸ್ಯೆಗೆ ಮಾತ್ರ. ಬೆಳಿಗ್ಗೆ ಮಗ್ಗ ತೊಳೆದು ಪೂಜೆ, ಮಧ್ಯಾಹ್ನ ಹೋಳಿಗೆ, ಆಮೇಲೆ ಅವ್ವ, ಕಾಕಿ, ಓಣಿಯ ನಾಲ್ಕು ಹೆಂಗಸರು ಮ್ಯಾಟಿನಿಗೆ. ಸಿನಿಮಾದ ಗಾಡಿ ಎರಡು ದಿನ ಮೊದಲೇ ಮೈಕ್ ಕಟ್ಟಿಕೊಂಡು ಓಣಿಯಲ್ಲಿ ಹಾಯುತ್ತಿತ್ತು. ಅದು ಎಸೆದ ಗುಲಾಬಿ ಬಣ್ಣದ ಚೀಟಿ ಹಿಡಿಯಲು ನಾವು ಧೂಳಿನಲ್ಲಿ ಓಡುತ್ತಿದ್ದೆವು. ಥಿಯೇಟರಿನಲ್ಲಿ ಹೆಂಗಸರಿಗೆ ಬೇರೆ ಕಡೆ. ನೆಲದ ಟಿಕೀಟು ಕಡಿಮೆ, ಬೆಂಚಿಗೆ ಸ್ವಲ್ಪ ಜಾಸ್ತಿ, ಕುರ್ಚಿ ನಮ್ಮ ಲೆಕ್ಕದೊಳಗೆ ಇರಲಿಲ್ಲ. ಹೊರಗೆ ಹತ್ತು ಪೈಸೆಗೆ ಪದ್ಯಾವಳಿ. ಹಾಡಿನ ಜೊತೆ ಅರ್ಧ ಕಥೆ ಅಚ್ಚು ಹಾಕಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ ಎಂದು ಕೈಬಿಡುವ ಆ ತೆಳ್ಳನೆಯ ಪುಸ್ತಕಗಳೇ ನಾನು ರೊಕ್ಕ ಕೊಟ್ಟು ಕೊಂಡ ಮೊದಲ ಸಾಹಿತ್ಯ.

ಬೆಂಗಳೂರಿನಲ್ಲಿ ಬಂದ ಸಿನಿಮಾ ನಮ್ಮಲ್ಲಿಗೆ ಬರುವ ಹೊತ್ತಿಗೆ ರೀಲು ಗೀರಿ ತೆರೆಯ ಮೇಲೆ ಮಳೆ ಬೀಳುತ್ತಿತ್ತು. ಸಿನಿಮಾ ಎಂದರೆ ಎಲ್ಲೋ ದೂರದಲ್ಲಿ, ನಮ್ಮಂಥವರಿಗೆ ಸಂಬಂಧವಿಲ್ಲದವರು ಮಾಡಿ ಕಳಿಸುವ ವಸ್ತು ಎಂದೇ ತಿಳಿದಿದ್ದೆ. ಅದು ತಪ್ಪೆಂದು ಗೊತ್ತಾಗಲು ನಾಟಕ ನೋಡಬೇಕಾಯಿತು.

ಬಾದಾಮಿಯ ಬನಶಂಕರಿ ದೇವಾಂಗದವರ ಕುಲದೇವಿ. ಇಳಕಲ್ಲು, ಗುಳೇದಗುಡ್ಡ, ಸೂಳೇಭಾವಿ, ಕಮತಗಿ ಇವೆಲ್ಲ ಮಗ್ಗದ ಊರುಗಳು. ಬನದ ಹುಣ್ಣಿಮೆಗೆ ಅವುಗಳಿಂದ ಮಂದಿ ಹೊರಟಿತೆಂದರೆ ಲಾಳಿಯ ಸದ್ದು ಅರ್ಧಕ್ಕರ್ಧ ನಿಲ್ಲುತ್ತಿತ್ತು. ಆಯಿಯ ಕಾಲದಲ್ಲಿ ಚಕ್ಕಡಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಅಮೀನಗಡದಲ್ಲಿ ರಾತ್ರಿ ಮಲಗಿ ಮುಂದೆ ಹೋಗುವುದು. ನಮ್ಮ ಕಾಲಕ್ಕೆ ಬಸ್ಸು, ಬಸ್ಸಿನ ಮೇಲೂ ಮಂದಿ. ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬ, ದೇವಿಗೆ 108 ಬಗೆ ಪಲ್ಯ. ಮರುದಿನ ತೇರು. ಹರಿದ್ರಾ ತೀರ್ಥದ ಸುತ್ತ ಬಾಗಿಲ ಚೌಕಟ್ಟು, ತೊಟ್ಟಿಲು, ಬಳೆ. ಗಿಡದ ನೆರಳಿಗೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಕೊಡುವ ರೊಟ್ಟಿ, ಕೆಂಪು ಚಟ್ನಿ, ಮೊಸರು.

ಭಕ್ತಿಗೆ ಒಂದು ದಿನ ಸಾಕು. ಜಾತ್ರೆ ನಿಲ್ಲುತ್ತಿದ್ದದ್ದು ಒಂದು ತಿಂಗಳು, ಅದು ನಾಟಕಕ್ಕಾಗಿ. ಕಂಪನಿಗಳು ಸಾಲಾಗಿ ತಗಡಿನ ಥಿಯೇಟರ್ ಹಾಕುತ್ತಿದ್ದವು. ಅವರ ಮಾತಿನಲ್ಲಿ ಅದು ‘ಕ್ಯಾಂಪು’. ಸಂಜೆ ಒಂದು ಆಟ, ರಾತ್ರಿ ಒಂದು, ನಡುರಾತ್ರಿಯ ಮೇಲೆ ಮತ್ತೊಂದು. ಊರಿಗೆ ಹೋಗುವ ಬಸ್ಸು ಬೆಳಿಗ್ಗೆ ಇರುವುದರಿಂದ ಕಡೆಯ ಆಟ ಎಷ್ಟೋ ಜನರಿಗೆ ಮಲಗುವ ಜಾಗವೂ ಆಗಿತ್ತು. ಅಪ್ಪ ನಾಟಕದ ಮೊದಲ ಪದಕ್ಕೆ ‘ವನ್ಸ್ ಮೋರ್’ ಕೂಗಿ, ಎರಡನೆಯದಕ್ಕೆ ಗೊರಕೆ ಹೊಡೆಯುತ್ತಿದ್ದ. ನಡುವೆ ಆಟ ನಿಲ್ಲಿಸಿ ಇಂಥ ಊರಿನ ಇಂಥವರಿಂದ ಐದು ರೂಪಾಯಿ ಆಯೇರಿ ಎಂದು ಕೂಗುವುದು. ಆಗಷ್ಟೇ ಮಗನನ್ನು ಕಳಕೊಂಡು ಎದೆ ಬಡಿದುಕೊಳ್ಳುತ್ತಿದ್ದ ತಾಯಿಯ ಪಾತ್ರದವಳು ಕಣ್ಣೊರೆಸಿ ರೊಕ್ಕ ಇಸಕೊಂಡು, ಕೈ ಮುಗಿದು, ಮತ್ತೆ ಅಲ್ಲಿಂದಲೇ ಅಳಲು ಸುರು ಮಾಡುತ್ತಿದ್ದಳು. ನಮಗೆ ಅದರಿಂದ ರಸಭಂಗವೇನೂ ಆಗುತ್ತಿರಲಿಲ್ಲ.

1978ರ ಜಾತ್ರೆಯಲ್ಲಿ ನೋಡಿದ ನಾಟಕ ‘ಸಂಪತ್ತಿಗೆ ಸವಾಲ್’. ಅಮಾವಾಸ್ಯೆಯೊಂದರಲ್ಲಿ ಇದೇ ಹೆಸರಿನ ರಾಜಕುಮಾರರ ಸಿನಿಮಾ ನೋಡಿದ್ದೆ, ಎಮ್ಮೆಯ ಮೇಲೆ ಕೂತು ಹಾಡುವ ಹಾಡು ಓಣಿಯ ಬಾಯಲ್ಲೆಲ್ಲ ಇತ್ತು. ಸಿನಿಮಾ ನೋಡಿ ಯಾರೋ ನಾಟಕ ಮಾಡಿಕೊಂಡಿದ್ದಾರೆ ಎಂದುಕೊಂಡು, ಪಕ್ಕದಲ್ಲಿದ್ದ ಕಾಕಾನಿಗೆ ದೊಡ್ಡಸ್ತಿಕೆಯಿಂದ ಹೇಳಿದೆ. ಕಾಕಾ ನನ್ನ ತಲೆಗೊಂದು ಮೊಟಕಿದ.

“ಹುಚ್ಚಿ, ನಾಟಕ ಮದಲ. ಬರದವ್ರು ಧುತ್ತರಗಿ. ನಮ್ಮ ಸೂಳೇಭಾವಿಯವ್ರು.”

ಸೂಳೇಭಾವಿ! ಅಮೀನಗಡದ ಮಗ್ಗುಲಿನ ಊರು. ನಮ್ಮ ಹಾಗೇ ಮಗ್ಗದ ಸದ್ದಿನೂರು. ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಅದರ ಹೆಸರು ಕೂಗಿದ್ದನ್ನು ಕೇಳಿದ್ದೆ. ಪಿ.ಬಿ. ಧುತ್ತರಗಿಯವರು ಹುಟ್ಟಿದ್ದು ಅಲ್ಲಿ, 1929ರಲ್ಲಿ. ‘ಮುದುಕನ ಮದುವೆ’, ‘ತಾಯಿಕರುಳು’, ‘ಮಲಮಗಳು’ — ಉತ್ತರ ಕರ್ನಾಟಕದ ಕಂಪನಿಗಳು ವರ್ಷಗಟ್ಟಲೆ ಅನ್ನ ತಿಂದದ್ದು ಅವರ ನಾಟಕಗಳಿಂದ. ‘ಸಂಪತ್ತಿಗೆ ಸವಾಲ್’ 1974ರಲ್ಲಿ ಎ.ವಿ. ಶೇಷಗಿರಿರಾಯರ ನಿರ್ದೇಶನದಲ್ಲಿ ಸಿನಿಮಾ ಆಯಿತು. ರಾಜಕುಮಾರರಿಗೆ ಅಲ್ಲಿಯವರೆಗೆ ಹಾಡುತ್ತಿದ್ದವರು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್, ಈ ಸಿನಿಮಾದ ಎಮ್ಮೆಯ ಹಾಡಿನಿಂದ ಅವರು ತಮ್ಮ ಹಾಡು ತಾವೇ ಹಾಡತೊಡಗಿದರು. ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ನೇಕಾರರ ಮಗಳಿಗೆ ಆ ರಾತ್ರಿ ಹೊಳೆದದ್ದು ಇಷ್ಟು: ಒಡಲು ಸೂಳೇಭಾವಿಯದು, ಸೆರಗಷ್ಟೇ ಮದ್ರಾಸಿನದು.

ಆಮೇಲೆ ಹುಡುಕುತ್ತ ಹೋದಂತೆ ಇಂಥ ಕೊಂಡಿಗಳು ಸಿಗುತ್ತಲೇ ಹೋದವು. ಇತ್ತ ಬೀಳಗಿಯನ್ನೇ ನೋಡಿ. ‘ಸನಾದಿ ಅಪ್ಪಣ್ಣ’ ಬಂದಾಗ, 1977ರಲ್ಲಿ, ನಾವೆಲ್ಲ ಬಿಸ್ಮಿಲ್ಲಾ ಖಾನರ ಶಹನಾಯಿಯ ಬಗ್ಗೆ ಮಾತಾಡಿದೆವು. ಆ ಕಥೆ ಬರೆದ ಕೃಷ್ಣಮೂರ್ತಿ ಪುರಾಣಿಕರು ಹುಟ್ಟಿದ್ದು ಬೀಳಗಿಯಲ್ಲಿ. ಅಮೀರಬಾಯಿ ಕರ್ನಾಟಕಿಯೂ ಅದೇ ಬೀಳಗಿಯವಳು. ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದಳು. ಆ ಸಿನಿಮಾ ಕಲಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅವಳ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿದವಳು. ಬಿಜಾಪುರದ ಅಮೀರ್ ಟಾಕೀಸ್‌ಗೆ ಆ ಹೆಸರು ಬಂದದ್ದು ಅಮೀರಬಾಯಿಯಿಂದಲೇ.

ಮರಾಠಿಯ ಈ ನಂಟು ನಮಗೆ ದೂರದ್ದಲ್ಲ. 1956ರವರೆಗೆ ನಾವು ಮುಂಬಯಿ ರಾಜ್ಯದವರು. ನಮ್ಮ ಸೀರೆಯನ್ನು ‘ಇರಕಲ್’ ಎಂದು ಕರೆದು ಉಟ್ಟು ಮೆರೆಸಿದವರು ಆ ಕಡೆಯ ಹೆಂಗಸರು. ಸಾವ್ಕಾರರು ಸೊಲ್ಲಾಪುರ, ಪುಣೆಗೆ ಸೀರೆ ಒಯ್ದು ವಾಪಸು ಬರುವಾಗ ನಾಟ್ಯಸಂಗೀತದ ತಟ್ಟೆ ತರುತ್ತಿದ್ದರಂತೆ. ಹಬ್ಬಕ್ಕೆ ಅವರ ಮನೆಯ ಅಟ್ಟದ ಮೇಲೆ ಗ್ರಾಮಾಫೋನ್ ಹಚ್ಚಿದರೆ ನೇಕಾರರು ಕೆಳಗೆ ಬೀದಿಯಲ್ಲಿ ನಿಂತು ಕೇಳುವುದು. ಆಯಿಗೆ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ, ಆದರೆ ಮೂರು ಮರಾಠಿ ಪದ ಪೂರ್ತಿ ಬರುತ್ತಿದ್ದವು. ಕಾದಂಬರಿಯನ್ನು ಜೋಳಿಗೆಗೆ ಹಾಕು ಎಂದವಳು ಇವಳೇ! ನಾಟಕದಲ್ಲಿ ಹೆಣ್ಣು ಪಾರ್ಟನ್ನು ಹೆಂಗಸರೇ ಮಾಡುವುದು ಮಾತ್ರ ಅವಳಿಗೆ ಕಡೆಯವರೆಗೂ ಸೇರಲಿಲ್ಲ. ಗಂಡಸರಷ್ಟು ಚೆಂದ ಸೀರೆ ಉಡಲು ಇವರಿಗೆ ಬರುವುದಿಲ್ಲ ಎಂಬುದು ಅವಳ ತಕರಾರು.

ಆ ಹನ್ನೆರಡು ರೂಪಾಯಿಯ ಟ್ರಿಪ್ಪಿನ ಬಗ್ಗೆ ಹೇಳಿಬಿಡುತ್ತೇನೆ. ಐಹೊಳೆ, ಪಟ್ಟದಕಲ್ಲು, ಬಾದಾಮಿ, ಒಂದೇ ದಿನ, ಒಂದೇ ಬಸ್ಸು. ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಪುಲಕೇಶಿಯನ್ನು ಹೊಗಳಿ ಬರೆದದ್ದನ್ನು ಸರ್ ವಿವರಿಸುವಾಗ ನಮಗೆಲ್ಲ ಹಸಿವು. ನೆನಪಿನಲ್ಲಿ ಉಳಿದದ್ದು ಲಾಡಖಾನ್ ಗುಡಿ. ಒಬ್ಬ ಮನುಷ್ಯ ಗುಡಿಯೊಳಗೇ ಸಂಸಾರ ಹೂಡಿದ್ದ, ಗುಡಿಗೆ ಅವನ ಹೆಸರೇ ನಿಂತಿತು ಎಂದಾಗ, ಹತ್ತಡಿಯ ಮನೆಯಲ್ಲಿ ಮಗ್ಗದ ಜೊತೆ ಏಳು ಮಂದಿ ಮಲಗುವ ನನಗೆ ಆ ಲಾಡಖಾನನ ಮೇಲೆ ಹೊಟ್ಟೆಕಿಚ್ಚಾಯಿತು. ದಾರಿಯಲ್ಲಿ ಸಿದ್ಧನಕೊಳ್ಳವೂ ಆಯಿತು. ಅಲ್ಲಿ ಬಂಡೆಯ ಬದಿಗೆ, ತಲೆಯ ಜಾಗದಲ್ಲಿ ಕಮಲವಿರುವ ಲಜ್ಜಾಗೌರಿ. ಹುಡುಗಿಯರ ಸಾಲು ಅಲ್ಲಿಗೆ ಬಂದಾಗ ಸರ್ ಅವಸರದಿಂದ “ಮುಂದ ನಡೀರಿ, ಮುಂದ ನಡೀರಿ, ನೀರ ನೋಡ್ರಿ” ಎಂದರು. ನೀರು ಬೀಳುತ್ತಿರಲಿಲ್ಲ, ಅದು ಬೇಸಿಗೆಯ ತಲೆಬಾಗಿಲು. ನಾವು ಹಿಂದೆ ತಿರುಗಿ ತಿರುಗಿ ನೋಡಿದೆವು. ಮಕ್ಕಳಾಗದ ಒಬ್ಬ ಹೆಂಗಸು ಅವಳ ಪಾದಕ್ಕೆ ಬೆಣ್ಣೆ ಹಚ್ಚುತ್ತಿದ್ದಳು, ಅವಳಿಗೆ ನಾಚಿಕೆಯೇನೂ ಇರಲಿಲ್ಲ.

ಸಿನಿಮಾ, ಪುಸ್ತಕ, ನಾಟಕ, ತಿರುಗಾಟ ಎಂದು ಈಗ ಬೇರೆ ಬೇರೆ ಹೆಸರಿಡುತ್ತೇವೆ. ನಮಗೆ ಅವು ಬೇರೆ ಆಗಿದ್ದವೆಂದು ಅನ್ನಿಸುವುದಿಲ್ಲ. ದೇವಿಯ ನೆಪದಲ್ಲಿ ತಿರುಗಾಟ, ತಿರುಗಾಟದ ಕೊನೆಗೆ ನಾಟಕ, ನಾಟಕವೇ ಮುಂದೆ ಸಿನಿಮಾ, ಆ ಸಿನಿಮಾದ ಹತ್ತು ಪೈಸೆಯ ಪುಸ್ತಕ ರಾಟಿಯ ಮುಂದೆ. 1980ರ ದಶಕದ ನಡುವಿಗೆ ಬಾಡಿಗೆ ವಿಡಿಯೋ ಬಂತು. 1987ರಲ್ಲಿ ರವಿವಾರದ ರಾಮಾಯಣ ಸುರುವಾದಾಗ ಟಿವಿ ಇದ್ದ ಮನೆಯವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮಾವಾಸ್ಯೆಯ ಜಾಗಕ್ಕೆ ರವಿವಾರ ಬಂದು ಕೂತಿತು. ನಾನು ಅಷ್ಟೊತ್ತಿಗೆ ಲಗ್ನವಾಗಿ, ಬೇರೆ ಊರಿನ ಸಾಲಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬನಶಂಕರಿಯಲ್ಲಿ ಈಗಲೂ ಕಂಪನಿಗಳು ಕ್ಯಾಂಪು ಹಾಕುತ್ತವೆ. ನಾಟಕಗಳ ಹೆಸರು ಮಕ್ಕಳ ಮುಂದೆ ಗಟ್ಟಿಯಾಗಿ ಓದುವಂತಿಲ್ಲ, ಆದರೆ ಥಿಯೇಟರ್ ತುಂಬಿರುತ್ತದೆ.

ವಹಿಯಲ್ಲಿ ತೀರಿದ ಸಾಲಗಳ ಮೇಲೆ ಅಪ್ಪ ಅಡ್ಡಗೆರೆ ಎಳೆದಿದ್ದಾನೆ. ನೂಲಿನದ್ದು ತೀರಿದೆ, ಅಣ್ಣನ ಲಗ್ನದ್ದು ತೀರಿದೆ, ಟ್ರಿಪ್ಪಿನ ಹನ್ನೆರಡೂ ಒಂದು ಗೋಮಿ ದಡಿಯ ಸೀರೆಯಲ್ಲಿ ತೀರಿದೆ. 1978ರ ‘ಬನಶಂಕರಿ ಜಾತ್ರಿಗೆ ಮುಂಗಡ 40 ರೂ.’ ಎಂಬುದರ ಮೇಲೆ ಮಾತ್ರ ಗೆರೆ ಇಲ್ಲ. ಮರೆತನೋ, ಸಾವ್ಕಾರರೇ ಬಿಟ್ಟರೋ. ಅದರ ಕೆಳಗೆ, ಯಾವ ಲೆಕ್ಕಕ್ಕೂ ಸೇರದಂತೆ, ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದಾನೆ: ‘ಧುತ್ತರಗಿ ನಾಟಕ. 4 ಟಿಕೀಟು. ಮಗಳು ಮಲಗಲಿಲ್ಲ.’